ಗೇರ್ ಬಿಗಿಯಾಗಿದೆಯಾ? ಗೇರ್‌ಬಾಕ್ಸ್ ಇಳಿಸೋ ಮೊದಲು ಇಷ್ಟು ನೋಡಿ

ನಮ್ಮ ಮನೆಯಲ್ಲಿ 1999ರ ಮಾರುತಿ 800 ಒಂದಿದೆ. ಮೂರು ಮಳೆಗಾಲದ ಹಿಂದೆ ಅದಕ್ಕೊಂದು ಕಾಯಿಲೆ ಶುರುವಾಯಿತು. ಮೊದಲು ರಿವರ್ಸ್ ಹಾಕುವಾಗ ಕರ್ರ್ ಅಂತ ಸದ್ದು. ಆಮೇಲೆ ಸಿಗ್ನಲ್‌ನಲ್ಲಿ ನಿಂತಾಗ ಫಸ್ಟ್ ಗೇರ್ ಬೀಳೋಕೆ ರಟ್ಟೆಬಲ ಬೇಕಾಯಿತು. ವಾರ ಕಳೆಯೋದರೊಳಗೆ, ಒಮ್ಮೆ ಸೆಕೆಂಡಿಗೆ ಹಾಕಿ ಅಲ್ಲಿಂದ ಫಸ್ಟಿಗೆ ಎಳೆದರೆ ಮಾತ್ರ ಬೀಳುತ್ತದೆ ಅನ್ನೋ ಸ್ಥಿತಿಗೆ ಬಂತು. ವರ್ಕ್‌ಶಾಪ್ ಒಂದಕ್ಕೆ ತೋರಿಸಿದೆ. ಬಾನೆಟ್ ಕೂಡ ಎತ್ತಲಿಲ್ಲ. ಕೂತು ಎರಡು ಸಲ ಗೇರ್ ಅಲ್ಲಾಡಿಸಿ, "ಗೇರ್‌ಬಾಕ್ಸ್ ಇಳಿಸ್ಬೇಕು ಸಾರ್, ಕ್ಲಚ್ ಸೆಟ್ ಹೋಗಿದೆ, ಇನ್ನೇನೇನು ಹೋಗಿದೆಯೋ ಬಿಚ್ಚಿದ ಮೇಲೆ ಹೇಳ್ತೀನಿ" ಅಂದರು.

ಆ "ಬಿಚ್ಚಿದ ಮೇಲೆ ಹೇಳ್ತೀನಿ" ಅನ್ನೋ ಮಾತು ಕೇಳಿದರೆ ನನಗೆ ಹೊಟ್ಟೆಯಲ್ಲಿ ಕಲಸುತ್ತದೆ. ಗಾಡಿ ವಾಪಸ್ ತಂದೆ. ಭಾನುವಾರ ಬೆಳಿಗ್ಗೆ ಗೋಣಿಚೀಲ ಹಾಸಿ ಮಲಗಿ ಟಾರ್ಚ್ ಬಿಟ್ಟು ನೋಡಿದರೆ, ಕ್ಲಚ್ ಕೇಬಲ್ ಗೇರ್‌ಬಾಕ್ಸ್ ಕಡೆಯ ತುದಿಯಲ್ಲಿ ಅರ್ಧಕ್ಕರ್ಧ ಎಳೆ ಬಿಟ್ಟು ಪೊರಕೆ ಥರ ಕೆದರಿಕೊಂಡಿತ್ತು. ಉಳಿದ ಎಳೆಗಳ ಮೇಲೆ ಗಾಡಿ ಓಡ್ತಾ ಇತ್ತು. ಹೊಸ ಕೇಬಲ್‌ಗೆ ಕೆಲವೇ ನೂರು ರೂಪಾಯಿ, ಹಾಕೋಕೆ ಒಂದು ಗಂಟೆ. ಗೇರ್ ಮತ್ತೆ ಬೆಣ್ಣೆಯ ಹಾಗೆ.

ಎಲ್ಲರ ಗಾಡಿಗೂ ಇದೇ ಅದೃಷ್ಟ ಇರುತ್ತದೆ ಅಂತಲ್ಲ. ಕೆಲವೊಮ್ಮೆ ನಿಜವಾಗಿಯೂ ಇಳಿಸಲೇಬೇಕು. ಆದರೆ ಇಳಿಸಬೇಕೋ ಬೇಡವೋ ಅಂತ ತಿಳಿಯೋಕೆ ಹತ್ತು ನಿಮಿಷದ ಪರೀಕ್ಷೆ ಸಾಕು. ಅದನ್ನು ಮನೆ ಮುಂದೆ ನೀವೇ ಮಾಡಬಹುದು.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಿ. ಕ್ಲಚ್ ಹಾಳಾಗೋದು ಎರಡು ಥರ. ಒಂದು, ಹಿಡಿಯಲ್ಲ. ಅದು ಸ್ಲಿಪ್. ಎಂಜಿನ್ ಕೂಗುತ್ತದೆ, ಗಾಡಿ ಏರಲ್ಲ, ಸುಟ್ಟ ವಾಸನೆ ಬರುತ್ತದೆ. ಇನ್ನೊಂದು, ಬಿಡಲ್ಲ. ಪೆಡಲ್ ಪೂರ್ತಿ ಒತ್ತಿದರೂ ಕ್ಲಚ್ ಪ್ಲೇಟು ಫ್ಲೈವೀಲ್‌ನಿಂದ, ಅಂದರೆ ಎಂಜಿನ್ ಜೊತೆ ತಿರುಗೋ ಭಾರದ ಚಕ್ರದಿಂದ, ಪೂರ್ತಿ ಬೇರೆಯಾಗಲ್ಲ, ಸ್ವಲ್ಪ ಉಜ್ಜಿಕೊಂಡೇ ಇರುತ್ತದೆ. ಗೇರ್ ಬಿಗಿಯಾಗೋದು ಈ ಎರಡನೇ ಕಾಯಿಲೆಯಿಂದ. ಗೇರ್ ಹಾಕುವಾಗ ಗೇರ್‌ಬಾಕ್ಸ್ ಒಳಗಿನ ಶಾಫ್ಟಿನ ವೇಗವನ್ನು ಹೊಂದಿಸೋದು ಸಿಂಕ್ರೊ ರಿಂಗ್‌ಗಳ ಕೆಲಸ. ಅತ್ತ ಎಂಜಿನ್ ಆ ಶಾಫ್ಟನ್ನು ತಿರುಗಿಸ್ತಾನೇ ಇದ್ದರೆ ಪಾಪ ಅವೇನು ಮಾಡಬೇಕು? ನಿಮ್ಮ ಕೈಗೆ ಅದು ಬಿಗಿ ಅಂತ ಗೊತ್ತಾಗುತ್ತದೆ. ಹಾಗಾಗಿ ಗೇರ್ ಬಿಗಿ ಅಂದ ತಕ್ಷಣ "ಪ್ಲೇಟ್ ಸವೆದಿದೆ" ಅಂತ ಯಾರಾದರೂ ಹೇಳಿದರೆ ಸ್ವಲ್ಪ ಅನುಮಾನ ಇಟ್ಟುಕೊಳ್ಳಿ. ಸವೆದ ಪ್ಲೇಟು ಸಾಮಾನ್ಯವಾಗಿ ಸ್ಲಿಪ್ ಆಗುತ್ತದೆ, ಗೇರ್ ಬಿಗಿ ಮಾಡಲ್ಲ.

ಪರೀಕ್ಷೆ ಶುರು ಮಾಡೋಣ. ಮಟ್ಟಸವಾದ ಜಾಗ, ಮುಂದೆ ಹಿಂದೆ ಖಾಲಿ ಇರಬೇಕು. ಹ್ಯಾಂಡ್‌ಬ್ರೇಕ್ ಎಳೆಯಿರಿ. ಹಳೇ ಗಾಡಿಯ ಹ್ಯಾಂಡ್‌ಬ್ರೇಕ್ ಮೇಲೆ ನನಗೆ ನಂಬಿಕೆ ಇಲ್ಲ, ಚಕ್ರಕ್ಕೆ ಕಲ್ಲನ್ನೂ ಕೊಡಿ.

ಎಲ್ಲಕ್ಕಿಂತ ಮೊದಲು ಕಾಲಡಿಯ ಮ್ಯಾಟ್ ಎತ್ತಿ ನೋಡಿ. ನಗಬೇಡಿ. ಹಳೇ ಮ್ಯಾಟಿನ ಮೇಲೆ ಹೊಸ ದಪ್ಪ ಮ್ಯಾಟ್ ಹಾಕಿ, ಪೆಡಲ್ ನೆಲ ಮುಟ್ಟದೆ, "ಗೇರ್ ಬೀಳ್ತಿಲ್ಲ" ಅಂತ ಒದ್ದಾಡಿದವರನ್ನು ಕಂಡಿದ್ದೇನೆ. ಕ್ಲಚ್ ಬಿಡೋದು ಪೆಡಲ್ ಓಟದ ಕೊನೆಯ ಭಾಗದಲ್ಲಿ. ಅಲ್ಲಿ ಎರಡು ಸೆಂಟಿಮೀಟರ್ ಕಮ್ಮಿಯಾದರೂ ಸಾಕು ಕೆಡೋಕೆ.

ಈಗ ಎಂಜಿನ್ ಆಫ್ ಇರುವಾಗಲೇ ಕ್ಲಚ್ ಒತ್ತಿ ಎಲ್ಲ ಗೇರ್‌ಗಳನ್ನೂ ಒಂದೊಂದಾಗಿ ಹಾಕಿ ನೋಡಿ. ರಿವರ್ಸ್ ಕೂಡ. ಒಂದು ಗೇರ್ ಬೀಳದಿದ್ದರೆ ಗಾಬರಿ ಬೇಡ, ಕೆಲವೊಮ್ಮೆ ಒಳಗೆ ಹಲ್ಲಿಗೆ ಹಲ್ಲು ಎದುರಾಗಿ ನಿಂತಿರುತ್ತದೆ. ಕಲ್ಲು ಸರಿಸಿ, ಹ್ಯಾಂಡ್‌ಬ್ರೇಕ್ ಇಳಿಸಿ, ಗಾಡಿಯನ್ನು ಒಂದಿಷ್ಟು ತಳ್ಳಿ, ಎರಡನ್ನೂ ಮೊದಲಿನಂತೆ ಮಾಡಿ ಗೇರ್ ಮತ್ತೆ ಹಾಕಿ. ಆಮೇಲೆ ಎಂಜಿನ್ ಸ್ಟಾರ್ಟ್ ಮಾಡಿ ಅದೇ ಕೆಲಸ ಮಾಡಿ. ಎಂಜಿನ್ ಆಫ್ ಇದ್ದಾಗ ಸಲೀಸು, ಆನ್ ಆದ ಮೇಲೆ ಬಿಗಿ ಅಂತಾದರೆ ಕ್ಲಚ್ ಬಿಡ್ತಿಲ್ಲ. ಎರಡೂ ಸಲ ಒಂದೇ ಥರ ಬಿಗಿ ಅಂತಾದರೆ ಕ್ಲಚ್ ಬಿಟ್ಟು ಬೇರೆ ಕಡೆ ಹುಡುಕಿ, ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಅರ್ಧ ಜಗಳ ಇಲ್ಲೇ ಮುಗಿಯಿತು, ಅಲ್ವಾ?

ಇದನ್ನು ಗಟ್ಟಿ ಮಾಡಿಕೊಳ್ಳೋಕೆ ರಿವರ್ಸ್ ಪರೀಕ್ಷೆ. ಮಾರುತಿ 800 ಸೇರಿ ಹಳೇ ಗಾಡಿಗಳ ರಿವರ್ಸ್ ಗೇರ್‌ಗೆ ಸಾಮಾನ್ಯವಾಗಿ ಸಿಂಕ್ರೊ ಇರಲ್ಲ. ಹಾಗಾಗಿ ಅದು ಕ್ಲಚ್‌ನ ಬಂಡವಾಳವನ್ನೆಲ್ಲ ಹೊರಗೆ ಹಾಕುತ್ತದೆ. ಎಂಜಿನ್ ಐಡಲ್‌ನಲ್ಲಿರಲಿ. ಗಾಡಿ ನಿಂತಿರಲಿ. ಕ್ಲಚ್ ಪೂರ್ತಿ ಒತ್ತಿ, ಮನಸ್ಸಲ್ಲೇ ಒಂದರಿಂದ ಐದು ಎಣಿಸಿ, ನಿಧಾನಕ್ಕೆ ರಿವರ್ಸ್ ಹಾಕಿ. ಕ್ಲಚ್ ಸರಿ ಇದ್ದರೆ ಅಷ್ಟರಲ್ಲಿ ಒಳಗಿನ ಶಾಫ್ಟ್ ನಿಂತಿರುತ್ತದೆ, ಗೇರ್ ಸದ್ದಿಲ್ಲದೆ ಬೀಳುತ್ತದೆ. ಐದು ಎಣಿಸಿದ ಮೇಲೂ ಕರ್ರ್ ಅಂದರೆ ಶಾಫ್ಟ್ ಇನ್ನೂ ತಿರುಗ್ತಾ ಇದೆ ಅಂತ ಅರ್ಥ. ಒತ್ತಿದ ತಕ್ಷಣ ಹಾಕಿದಾಗ ಮಾತ್ರ ಕರ್ರ್ ಅಂದು, ಐದು ಎಣಿಸಿದರೆ ಸುಮ್ನೆ ಬಿದ್ದರೆ ಅದು ಕಾಯಿಲೆ ಅಲ್ಲ, ನಿಮ್ಮ ಅವಸರ.

ಮೂರನೆಯದು, ಕ್ಲಚ್ ಎಲ್ಲಿ ಹಿಡಿಯುತ್ತದೆ ಅಂತ ನೋಡೋದು. ಕಲ್ಲು ತೆಗೆದು, ಹ್ಯಾಂಡ್‌ಬ್ರೇಕ್ ಇಳಿಸಿ, ಫಸ್ಟ್ ಹಾಕಿ ಪೆಡಲ್ ನಿಧಾನಕ್ಕೆ ಬಿಡುತ್ತಾ ಬನ್ನಿ. ಗಾಡಿ ಅಲುಗೋಕೆ ಶುರುವಾಗೋ ಜಾಗ ನೆಲದ ಹತ್ತಿರ ಇದೆಯೋ, ತುಂಬಾ ಮೇಲಿದೆಯೋ? ಇಲ್ಲಿ ಒಂದು ವಿಚಿತ್ರ ಇದೆ, ಮೆಕ್ಯಾನಿಕ್‌ಗಳೇ ಎಷ್ಟೋ ಸಲ ತಲೆಕೆಳಗಾಗಿ ಹೇಳುತ್ತಾರೆ. ಕ್ಲಚ್ ಪ್ಲೇಟನ್ನು ಫ್ಲೈವೀಲ್‌ಗೆ ಒತ್ತಿ ಹಿಡಿಯೋದು ಪ್ರೆಶರ್ ಪ್ಲೇಟು, ಪೆಡಲ್ ಒತ್ತಿದಾಗ ಅದರ ಬೆರಳುಗಳನ್ನು ತಳ್ಳಿ ಹಿಡಿತ ಬಿಡಿಸೋದು ರಿಲೀಸ್ ಬೇರಿಂಗ್. ಕೇಬಲ್ ಕ್ಲಚ್‌ನಲ್ಲಿ ಪ್ಲೇಟು ಸವೆದಷ್ಟೂ ಪ್ರೆಶರ್ ಪ್ಲೇಟಿನ ಬೆರಳುಗಳು ರಿಲೀಸ್ ಬೇರಿಂಗ್ ಕಡೆಗೆ ಎದ್ದು ಬರುತ್ತವೆ, ಆದ್ದರಿಂದ ಪೆಡಲ್‌ನ ಪ್ಲೇ, ಅಂದರೆ ತಡೆ ಸಿಗೋ ಮೊದಲಿನ ಹಗುರ ಓಟ, ಕಮ್ಮಿಯಾಗುತ್ತದೆ, ಕ್ಲಚ್ ಮೇಲೆ ಮೇಲೆ ಹಿಡಿಯುತ್ತದೆ. ಕೇಬಲ್ ಹಿಗ್ಗಿದರೆ ಇದಕ್ಕೆ ಉಲ್ಟಾ. ಪ್ಲೇ ಜಾಸ್ತಿಯಾಗುತ್ತದೆ, ಕ್ಲಚ್ ನೆಲದ ಹತ್ತಿರ ಹಿಡಿಯುತ್ತದೆ. ನೆಲದ ಹತ್ತಿರ ಹಿಡಿದು ಗೇರ್ ಬಿಗಿ ಇದ್ದರೆ ನನ್ನ ಮೊದಲ ಅನುಮಾನ ಕೇಬಲ್ ಮೇಲೆ, ಪ್ಲೇಟಿನ ಮೇಲಲ್ಲ.

ಕೇಬಲ್ ಇರುವ ಗಾಡಿ

ಮಾರುತಿ 800, ಓಮ್ನಿ, ಹಳೇ ಝೆನ್, ಹಳೇ ಆಲ್ಟೊ ಎಲ್ಲ ಕೇಬಲ್. ಪೆಡಲ್ ಮೇಲೆ ಕಾಲಿಡಬೇಡಿ, ಕೈಯಿಂದ ಒತ್ತಿ. ಮೊದಲು ಸುಮ್ನೆ ಹಗುರವಾಗಿ ಹೋಗುತ್ತದೆ, ಆಮೇಲೆ ತಡೆ ಸಿಗುತ್ತದೆ. ಆ ಹಗುರ ಓಟವೇ ಪ್ಲೇ. ಅದು 20 ಮಿಲಿಮೀಟರ್ ಆಸುಪಾಸು ಇದ್ದರೆ ಸರಿ, ನಿಮ್ಮ ಗಾಡಿಯ ಪುಸ್ತಕದಲ್ಲಿ ನಿಖರ ಅಳತೆ ಇರುತ್ತದೆ. ನಾಲ್ಕು ಬೆರಳಷ್ಟು ಹೋದರೆ ಜಾಸ್ತಿಯಾಯಿತು.

ಪ್ಲೇ ಜಾಸ್ತಿ ಅಂತ ಕಂಡ ಕೂಡಲೇ ನಟ್ ತಿರುವಿ ಬಿಗಿ ಮಾಡಬೇಡಿ. ಯಾಕೆ ಜಾಸ್ತಿಯಾಯಿತು ಅಂತ ನೋಡಿ. ಮನೆಯವರನ್ನೋ ಪಕ್ಕದ ಮನೆಯ ಹುಡುಗನನ್ನೋ ಕೂರಿಸಿ, ಎಂಜಿನ್ ಆಫ್ ಮಾಡಿ, ಪೆಡಲ್ ನಿಧಾನಕ್ಕೆ ಒತ್ತಿ ಬಿಡೋಕೆ ಹೇಳಿ. ನೀವು ಕೇಬಲ್ ಪೂರ್ತಿ ದಾರಿ ನೋಡುತ್ತಾ ಹೋಗಿ. ಪೆಡಲ್ ಅಡ್ಡಡ್ಡ ಅಲ್ಲಾಡ್ತಿದೆಯಾ? ಹಾಗಿದ್ದರೆ ಪೆಡಲ್ ಬುಷ್ ಹೋಗಿದೆ. ಒತ್ತಿದಾಗ ಕೇಬಲ್ ಹಾದು ಬರುವ ತಗಡಿನ ಗೋಡೆಯೇ ಬಾಗ್ತಿದೆಯಾ? ಹಳೇ ಗಾಡಿಗಳಲ್ಲಿ ಅಲ್ಲಿ ತುಕ್ಕು ಹಿಡಿದು ಸೀಳಿರುತ್ತದೆ. ನೀವು ಎಷ್ಟೇ ಬಿಗಿ ಮಾಡಿ, ಒತ್ತಿದ್ದೆಲ್ಲ ಗೋಡೆಯನ್ನು ಬಗ್ಗಿಸೋಕೇ ಖರ್ಚಾಗುತ್ತದೆ. ಅದಕ್ಕೆ ವೆಲ್ಡಿಂಗ್ ಬೇಕು. ಕೇಬಲ್‌ನ ಹೊರ ಕವಚ ಎಲ್ಲಾದರೂ ಬಿಸಿ ಸೈಲೆನ್ಸರ್ ಪೈಪಿಗೆ ತಾಗಿ ಕರಗಿದೆಯಾ, ತೀರಾ ಮಡಚಿಕೊಂಡಿದೆಯಾ ಅಂತಲೂ ನೋಡಿ.

ಕೊನೆಗೆ ಗೇರ್‌ಬಾಕ್ಸ್ ಹತ್ತಿರ ಬನ್ನಿ. ಅಲ್ಲಿ ಕೇಬಲ್ ಒಂದು ಕಬ್ಬಿಣದ ತೋಳನ್ನು ಎಳೆಯುತ್ತದೆ. ಕೇಬಲ್ ತುದಿಯ ಮೇಲೆ ಹಳೇ ಬಟ್ಟೆ ಸವರಿ. ಬಟ್ಟೆ ಸಿಕ್ಕಿಕೊಂಡರೆ ಎಳೆ ಬಿಟ್ಟಿದೆ. ಬರಿಗೈಯಲ್ಲಿ ಸವರಬೇಡಿ, ಆ ಸಣ್ಣ ಉಕ್ಕಿನ ಎಳೆ ಬೆರಳಿಗೆ ಚುಚ್ಚಿಕೊಂಡರೆ ಮುಳ್ಳಿಗಿಂತ ಕಡೆ, ನಾನು ಅನುಭವಿಸಿದ್ದೇನೆ. ಎಳೆ ಬಿಟ್ಟ ಕೇಬಲ್‌ಗೆ ಯಾವ ರಿಪೇರಿಯೂ ಇಲ್ಲ, ಬದಲಾಯಿಸಿ. ತೋಳು ಕ್ಲಚ್ ಬಿಡಿಸೋ ಇನ್ನೊಂದು ಸಣ್ಣ ಶಾಫ್ಟಿನ ಹಲ್ಲುಗಳ ಮೇಲೆ ಒಂದು ಬೋಲ್ಟಿನಿಂದ ಕಚ್ಚಿ ನಿಂತಿರುತ್ತದೆ. ಆ ಬೋಲ್ಟ್ ಸಡಿಲವಾಗಿದ್ದರೆ ತೋಳು ಮಾತ್ರ ಓಡಾಡುತ್ತದೆ, ಶಾಫ್ಟ್ ಅಷ್ಟು ತಿರುಗಲ್ಲ. ಇದೂ ಎಷ್ಟೋ ಜನರ ಕಣ್ಣಿಗೆ ಬೀಳದ ಕಾರಣ.

ಇವೆಲ್ಲ ಸರಿ ಇದ್ದು ಬರೀ ಪ್ಲೇ ಜಾಸ್ತಿ ಇದ್ದರೆ ಆಗ ಅಡ್ಜಸ್ಟ್ ಮಾಡುವ ನಟ್ ತಿರುವಿ. ಅರ್ಧ ಸುತ್ತು, ಪೆಡಲ್ ನೋಡಿ, ಮತ್ತೆ ಅರ್ಧ ಸುತ್ತು. ಪ್ಲೇಯನ್ನು ಪೂರ್ತಿ ತೆಗೆದುಬಿಟ್ಟರೆ ಇನ್ನೂ ಒಳ್ಳೆಯದು ಅಂತ ಅಂದುಕೊಳ್ಳಬೇಡಿ. ಪ್ಲೇ ಇಲ್ಲದಿದ್ದರೆ ನೀವು ಕಾಲು ತೆಗೆದ ಮೇಲೂ ಕ್ಲಚ್ ಸ್ವಲ್ಪ ಒತ್ತಿಕೊಂಡೇ ಇರುತ್ತದೆ. ರಿಲೀಸ್ ಬೇರಿಂಗ್ ಸದಾ ತಿರುಗಿ ಸಾಯುತ್ತದೆ, ಪ್ಲೇಟು ಜಾರಿ ಸುಡುತ್ತದೆ. ಆಗುಂಬೆ ಘಾಟಿಯ 14 ತಿರುವುಗಳನ್ನು ಅಂಥ ಗಾಡಿಯಲ್ಲಿ ಹತ್ತಿದರೆ ಮೇಲೆ ತಲುಪೋ ಹೊತ್ತಿಗೆ ವಾಸನೆಯೇ ಎಲ್ಲ ಹೇಳುತ್ತದೆ. ನಟ್‌ಗೆ ತಿರುವೋಕೆ ಥ್ರೆಡ್ಡೇ ಉಳಿದಿಲ್ಲ ಅಂದರೆ ಕೇಬಲ್ ಆಯಸ್ಸು ಮುಗಿದಿದೆ.

ಆಯಿಲ್ ಮೇಲೆ ನಡೆಯುವ ಕ್ಲಚ್

ಕ್ವಾಲಿಸ್‌ನಂಥ ಗಾಡಿಗಳಲ್ಲಿ ಕೇಬಲ್ ಇಲ್ಲ. ಪೆಡಲ್ ಹತ್ತಿರ ಮಾಸ್ಟರ್ ಸಿಲಿಂಡರ್, ಗೇರ್‌ಬಾಕ್ಸ್ ಹತ್ತಿರ ಸ್ಲೇವ್ ಸಿಲಿಂಡರ್, ನಡುವೆ ಪೈಪಿನಲ್ಲಿ ಬ್ರೇಕ್ ಆಯಿಲ್. ಬಿಡದಿಯಲ್ಲಿ ತಯಾರಾಗಿ 2000ದಿಂದ 2005ರವರೆಗೆ ಮಾರಾಟವಾದ ಕ್ವಾಲಿಸ್‌ಗಳು ಇವತ್ತಿಗೂ ನಮ್ಮ ಕಡೆ ಓಡ್ತಾ ಇವೆ. ಅವುಗಳ ರಬ್ಬರ್ ಸೀಲುಗಳಿಗೂ ವಯಸ್ಸಾಗಿರುತ್ತದೆ ಅನ್ನೋದು ಓನರ್‌ಗಳಿಗೆ ಮರೆತು ಹೋಗಿರುತ್ತದೆ, ಅಷ್ಟೇ.

ಇಲ್ಲಿ ಪರೀಕ್ಷೆ ಸುಲಭ. ಪೆಡಲ್ ಅನ್ನು ಪಟಪಟ ಅಂತ ನಾಲ್ಕು ಸಲ ಪಂಪ್ ಮಾಡಿ, ಐದನೇ ಸಲ ಒತ್ತಿ ಹಿಡಿದು ರಿವರ್ಸ್ ಹಾಕಿ. ಪಂಪ್ ಮಾಡಿದಾಗ ಸಲೀಸಾಗಿ ಬಿದ್ದು, ಮಾಡದಿದ್ದಾಗ ಬಿಗಿ ಇದ್ದರೆ ಲೈನಿನಲ್ಲಿ ಗಾಳಿ ಸೇರಿದೆ ಅಥವಾ ಎಲ್ಲೋ ಆಯಿಲ್ ಸೋರ್ತಿದೆ. ಕೇಬಲ್ ಗಾಡಿಯಲ್ಲಿ ಪಂಪ್ ಮಾಡಿ ಏನೂ ಪ್ರಯೋಜನ ಇಲ್ಲ. ಇನ್ನೊಂದು, ಫಸ್ಟ್ ಹಾಕಿ ಕ್ಲಚ್ ಒತ್ತಿ ಅರ್ಧ ನಿಮಿಷ ಹಿಡಿದುಕೊಳ್ಳಿ, ಬ್ರೇಕ್ ಮೇಲೂ ಕಾಲು ತಯಾರಿರಲಿ. ಶುರುವಿನಲ್ಲಿ ಸುಮ್ಮನಿದ್ದ ಗಾಡಿ ಆಮೇಲೆ ಮೆಲ್ಲಗೆ ಮುಂದೆ ತೆವಳಿದರೆ ಮಾಸ್ಟರ್ ಸಿಲಿಂಡರ್ ಒಳಗೆ ಒತ್ತಡ ಹಿಂದಕ್ಕೆ ಜಾರ್ತಿದೆ. ಹೊರಗೆ ಒಂದು ತೊಟ್ಟೂ ಸೋರದೆ ಹೀಗಾಗಬಹುದು. ಆಮೇಲೆ ಕಾಲಡಿಯಲ್ಲಿ ಪೆಡಲ್ ರಾಡಿನ ಹತ್ತಿರ ಕೈ ಹಾಕಿ ನೋಡಿ, ಜಿಡ್ಡು ಇದ್ದರೆ ಮಾಸ್ಟರ್ ಸೋರ್ತಿದೆ. ಗಾಡಿ ಕೆಳಗೆ ಸ್ಲೇವ್‌ನ ರಬ್ಬರ್ ಟೋಪಿಯನ್ನು ಸ್ವಲ್ಪ ಸರಿಸಿ ನೋಡಿ, ಒಳಗೆ ಒದ್ದೆ ಇದ್ದರೆ ಸ್ಲೇವ್. ನಡುವಿನ ರಬ್ಬರ್ ಹೋಸ್ ಪೆಡಲ್ ಒತ್ತಿದಾಗ ಉಬ್ಬಿದರೆ ಅದನ್ನೂ ತೆಗೆದು ಬಿಸಾಡಿ.

ಗಾಳಿ ತೆಗೆಯೋಕೆ ಇಬ್ಬರು ಬೇಕು. ನಮ್ಮ ಭಾವನ ಕ್ವಾಲಿಸ್‌ಗೆ ನಾವಿಬ್ಬರೇ ಮಾಡಿದ್ದು. ಸ್ಲೇವ್‌ನ ಬ್ಲೀಡಿಂಗ್ ನಿಪ್ಪಲ್‌ಗೆ ಪಾರದರ್ಶಕ ಪೈಪ್ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಸ್ವಲ್ಪ ಬ್ರೇಕ್ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿಟ್ಟೆ. ಮೇಲಿಂದ ಭಾವ, "ಒತ್ತಿದೆ, ಹಿಡಿದಿದೀನಿ". ಕೆಳಗಿಂದ ನಾನು ನಿಪ್ಪಲ್ ಕಾಲು ಸುತ್ತು ಬಿಚ್ಚಿದೆ. ಗುಳುಗುಳು ಅಂತ ಗುಳ್ಳೆ, ಕಾಫಿ ಡಿಕಾಕ್ಷನ್ ಬಣ್ಣದ ಆಯಿಲ್. ನಿಪ್ಪಲ್ ಮುಚ್ಚಿ "ಈಗ ಬಿಡಿ ಭಾವ" ಅಂದೆ. ಕ್ರಮ ಇಷ್ಟೇ, ಆದರೆ ತಪ್ಪಬಾರದು. ನಿಪ್ಪಲ್ ಮುಚ್ಚೋ ಮೊದಲೇ ಪೆಡಲ್ ಬಿಟ್ಟರೆ ಗಾಳಿ ವಾಪಸ್ ಒಳಗೆ ಹೋಗುತ್ತದೆ. ಭಾವನಿಗೆ ಫೋನ್ ಬಂತು, ಕಾಲು ತೆಗೆದರು, ಮತ್ತೆ ಮೊದಲಿಂದ ಮಾಡಿದೆವು. ನಡುನಡುವೆ ಮೇಲಿನ ಡಬ್ಬಿಗೆ ಆಯಿಲ್ ತುಂಬುತ್ತಾ ಇರಬೇಕು, ಖಾಲಿಯಾದರೂ ಅದೇ ಕಥೆ.

ಆಯಿಲ್ ಅಂದರೆ ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ಡಾಟ್ 3 ಅಥವಾ ಡಾಟ್ 4 ಬ್ರೇಕ್ ಆಯಿಲ್. ಎಂಜಿನ್ ಆಯಿಲ್, ಪವರ್ ಸ್ಟೀರಿಂಗ್ ಆಯಿಲ್ ಹಾಕಿದರೆ ಸೀಲುಗಳೆಲ್ಲ ಊದಿ ಹಾಳಾಗುತ್ತವೆ. ಬ್ರೇಕ್ ಆಯಿಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ವರ್ಷಗಟ್ಟಲೆ ಬಾಯಿ ತೆರೆದಿಟ್ಟ ಬಾಟಲಿಯದ್ದು ಬೇಡ. ಪೇಂಟ್ ಮೇಲೆ ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಯಿರಿ, ಇಲ್ಲದಿದ್ದರೆ ಪೇಂಟ್ ಎದ್ದು ಬರುತ್ತದೆ.

ಮಳೆಗಾಲ ಪೂರ್ತಿ ನಿಂತಿದ್ದ ಗಾಡಿ

ಇದು ಮಲೆನಾಡಿನವರಿಗೆ, ಕರಾವಳಿಯವರಿಗೆ. ಜೂನ್‌ನಲ್ಲಿ ನಿಲ್ಲಿಸಿದ ಓಮ್ನಿಯನ್ನು ಆಗಸ್ಟ್‌ನಲ್ಲಿ ಸ್ಟಾರ್ಟ್ ಮಾಡುತ್ತೀರಿ. ಎಂಜಿನ್ ಆಫ್ ಇದ್ದಾಗ ಗೇರ್ ಚೆನ್ನಾಗಿ ಬೀಳುತ್ತದೆ. ಸ್ಟಾರ್ಟ್ ಆದ ಮೇಲೆ ಒಂದೂ ಬೀಳಲ್ಲ, ಎಲ್ಲ ಕರ್ರ್. ನಿಲ್ಲಿಸುವಾಗ ಸರಿ ಇತ್ತಲ್ಲ ಅಂತ ತಲೆ ಕೆಡುತ್ತದೆ. ಆಗಿರೋದು ಏನಂದರೆ, ತೇವಕ್ಕೆ ತುಕ್ಕು ಬಂದು ಕ್ಲಚ್ ಪ್ಲೇಟು ಫ್ಲೈವೀಲ್‌ಗೆ ಅಂಟಿಕೊಂಡಿದೆ.

ಬಿಡಿಸೋ ಒಂದು ಹಳೇ ದಾರಿ ಇದೆ. ಖಾಲಿ ಮೈದಾನದಲ್ಲೋ ದೊಡ್ಡ ಅಂಗಳದಲ್ಲೋ ಮಾತ್ರ ಮಾಡಿ. ಎದುರಿಗೆ ಗೋಡೆ, ಬಾವಿ, ದನ, ಮಕ್ಕಳು ಯಾರೂ ಏನೂ ಇರಬಾರದು. ಎಂಜಿನ್ ಚೆನ್ನಾಗಿ ಬಿಸಿಯಾಗಲಿ, ಆಫ್ ಮಾಡಿ. ಸೆಕೆಂಡ್ ಗೇರ್ ಹಾಕಿ, ಕ್ಲಚ್ ಪೂರ್ತಿ ಒತ್ತಿ ಹಿಡಿದು ಸ್ಟಾರ್ಟ್ ಮಾಡಿ. ಗಾಡಿ ಜಗ್ಗಿಕೊಂಡೇ ಮುಂದೆ ಹೋಗುತ್ತದೆ. ಕ್ಲಚ್ ಒತ್ತಿಯೇ ಇರಲಿ, ಆಕ್ಸಿಲರೇಟರ್ ಒತ್ತಿ ಬಿಟ್ಟು ಒತ್ತಿ ಬಿಟ್ಟು ಮಾಡಿ. ಅಂಟಿದ್ದು ಬಿಟ್ಟರೆ ಎಂಜಿನ್ ಒಮ್ಮೆಲೆ ಹಗುರಾಗಿ ಕೂಗುತ್ತದೆ, ಗೊತ್ತಾಗುತ್ತದೆ. ನಿಲ್ಲಿಸಬೇಕೆಂದರೆ ಬ್ರೇಕ್ ಒತ್ತಿ, ಕೀ ಆಫ್. ಐದಾರು ಪ್ರಯತ್ನಕ್ಕೂ ಬಿಡದಿದ್ದರೆ ಸಾಕು ಮಾಡಿ, ಅದನ್ನು ಬಿಚ್ಚಿಸಬೇಕು. ಟ್ರಾಕ್ಟರ್‌ನವರು ಇದಕ್ಕೇ ತಿಂಗಳುಗಟ್ಟಲೆ ನಿಲ್ಲಿಸುವಾಗ ಕ್ಲಚ್ ಪೆಡಲ್ ಒತ್ತಿ ಮರದ ತುಂಡು ಅಡ್ಡ ಕೊಟ್ಟಿರುತ್ತಾರೆ. ಕಾರಿಗೆ ಅಷ್ಟೆಲ್ಲ ಬೇಡ, ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಹತ್ತು ಮೀಟರ್ ಹಿಂದೆ ಮುಂದೆ ಓಡಿಸಿದರೆ ಸಾಕು.

ಬಿಚ್ಚಲೇಬೇಕು ಅಂತಾದರೆ

ಕೇಬಲ್ ಅಥವಾ ಆಯಿಲ್ ಲೈನ್ ಎಲ್ಲ ಸರಿ ಇದೆ, ತೋಳು ಪೂರ್ತಿ ಓಡ್ತಿದೆ, ಆದರೂ ರಿವರ್ಸ್ ಕರ್ರ್ ಅನ್ನುತ್ತದೆ. ಆಗ ದೋಷ ಒಳಗೆ. ಪ್ರೆಶರ್ ಪ್ಲೇಟಿನ ಬೆರಳು ಸವೆದಿರಬಹುದು, ಪ್ಲೇಟು ಬಗ್ಗಿರಬಹುದು, ಪ್ಲೇಟು ಜಾರಬೇಕಾದ ಶಾಫ್ಟಿನ ಗೀರುಗಳಲ್ಲಿ ತುಕ್ಕು ಕೂತಿರಬಹುದು. ಪೆಡಲ್ ಒತ್ತಿದಾಗ ಗೊರಗೊರ ಸದ್ದು ಬಂದು ಬಿಟ್ಟಾಗ ನಿಂತರೆ ರಿಲೀಸ್ ಬೇರಿಂಗ್. ಇದಕ್ಕೆ ಉಲ್ಟಾ, ನ್ಯೂಟ್ರಲ್‌ನಲ್ಲಿ ಪೆಡಲ್ ಬಿಟ್ಟಾಗ ಸದ್ದು, ಒತ್ತಿದರೆ ಮಾಯ ಅಂತಾದರೆ ಗೇರ್‌ಬಾಕ್ಸ್ ಒಳಗಿನ ಬೇರಿಂಗ್. ಇದನ್ನು ಮೆಕ್ಯಾನಿಕ್‌ಗೆ ಮೊದಲೇ ಹೇಳಿ. ಇಳಿಸುವ ಕೂಲಿಯೇ ದೊಡ್ಡದು, ಹಾಗಾಗಿ ಇಳಿಸಿದ ಮೇಲೆ ಪ್ಲೇಟು, ಪ್ರೆಶರ್ ಪ್ಲೇಟು, ಬೇರಿಂಗ್ ಮೂರನ್ನೂ ಒಟ್ಟಿಗೆ ಹಾಕಿಸಿಬಿಡಿ. ಹಳೇ ಸಾಮಾನು ಕೇಳಿ ತೆಗೆದುಕೊಳ್ಳಿ. ಹೊಸ ಕ್ಲಚ್ ಹಾಕಿದ ದಿನದಿಂದಲೇ ಗೇರ್ ಬಿಗಿಯಾದರೆ "ಓಡ್ತಾ ಓಡ್ತಾ ಸರಿ ಹೋಗುತ್ತೆ" ಅನ್ನೋ ಮಾತು ನಂಬಬೇಡಿ. ಪ್ಲೇಟು ಉಲ್ಟಾ ಕೂತಿರಬಹುದು, ಅಥವಾ ಕೇಬಲ್ ಮತ್ತೆ ಅಡ್ಜಸ್ಟ್ ಮಾಡದೆ ಬಿಟ್ಟಿರಬಹುದು.

ಇನ್ನು ಎಂಜಿನ್ ಆಫ್ ಇದ್ದಾಗಲೂ ಬಿಗಿ ಇದ್ದವರು. ನೀವು ಗೇರ್ ಲಿವರ್‌ನಿಂದ ಗೇರ್‌ಬಾಕ್ಸ್‌ವರೆಗಿನ ದಾರಿ ನೋಡಿ. 800ರಲ್ಲಿ ಅಡಿಯಲ್ಲಿ ರಾಡು ಮತ್ತು ಬುಷ್, ಅದರ ಮೇಲೆ ರಸ್ತೆಯ ಕೆಸರೆಲ್ಲ ಕೂತಿರುತ್ತದೆ. ಓಮ್ನಿಯಲ್ಲಿ ಗೇರ್‌ಗೂ ಕೇಬಲ್, ಅದು ಒಳಗೆ ತುಕ್ಕು ಹಿಡಿಯುತ್ತದೆ. ಬೆಳಿಗ್ಗೆ ಮಾತ್ರ ಬಿಗಿ, ಐದಾರು ಕಿಲೋಮೀಟರ್ ಓಡಿದ ಮೇಲೆ ಸಡಿಲ ಅಂದರೆ ಗೇರ್ ಆಯಿಲ್ ಮೇಲೆ ಅನುಮಾನ. ಗೇರ್‌ಬಾಕ್ಸ್ ಸದ್ದು ಅಡಗಿಸೋಕೆ ಅಂತ ಯಾರೋ 140 ನಂಬರಿನ ಮಂದ ಆಯಿಲ್ ಹಾಕಿರುತ್ತಾರೆ. ಪುಸ್ತಕದಲ್ಲಿ ಗೇರ್ ಆಯಿಲ್‌ನ ದರ್ಜೆ ಜಿಎಲ್-4 ಅಂತ ಇದ್ದರೆ ಅದನ್ನೇ ಹಾಕಿಸಿ, ಅಂಗಡಿಯವರು ಕೊಡೋ ಜಿಎಲ್-5 ಅದಕ್ಕಿಂತ ಮೇಲಿನದ್ದು ಅಂತ ತಿಳಿಯಬೇಡಿ, ಹಿತ್ತಾಳೆಯ ಸಿಂಕ್ರೊ ರಿಂಗ್‌ಗಳಿಗೆ ಅದು ಆಗಿಬರಲ್ಲ. ಒಂದೇ ಒಂದು ಗೇರ್, ಹೆಚ್ಚಾಗಿ ಸೆಕೆಂಡ್, ಬೇಗ ಹಾಕಿದರೆ ಮಾತ್ರ ಕರ್ರ್ ಅಂದು ಉಳಿದವೆಲ್ಲ ಸರಿ ಇದ್ದರೆ ಅದು ಆ ಗೇರ್‌ನ ಸಿಂಕ್ರೊ. ಕ್ಲಚ್ ಮೇಲೆ ದುಡ್ಡು ಸುರಿಯಬೇಡಿ.

ಕೊನೆಗೆ, ದಾರಿಯಲ್ಲೇ ಕೇಬಲ್ ತುಂಡಾದರೆ ಏನು ಮಾಡೋದು? ಖಾಲಿ ರಸ್ತೆ, ಮಟ್ಟಸ ಜಾಗ ಆಗಿದ್ದರೆ ಎಂಜಿನ್ ಆಫ್ ಇಟ್ಟು ಫಸ್ಟ್ ಹಾಕಿ ಸ್ಟಾರ್ಟ್ ಕೊಡಿ, ಸ್ಟಾರ್ಟರ್ ಬಲದಲ್ಲೇ ಗಾಡಿ ಹೊರಟು ಎಂಜಿನ್ ಹತ್ತಿಕೊಳ್ಳುತ್ತದೆ. ಸ್ವಲ್ಪ ವೇಗ ಬಂದ ಮೇಲೆ ಆಕ್ಸಿಲರೇಟರ್ ಬಿಟ್ಟು ನ್ಯೂಟ್ರಲ್‌ಗೆ ತಂದು, ಎಂಜಿನ್ ವೇಗ ಇಳಿಯುವವರೆಗೆ ಕಾದು, ಸೆಕೆಂಡಿಗೆ ಬೆರಳಲ್ಲಿ ಮೆತ್ತಗೆ ಒತ್ತಿ ಹಿಡಿದರೆ ತಾನೇ ಬೀಳುತ್ತದೆ. ನಿಲ್ಲಿಸುವ ಮೊದಲು ನ್ಯೂಟ್ರಲ್. ಪೇಟೆ ಟ್ರಾಫಿಕ್‌ನಲ್ಲಿ, ಘಾಟಿಯಲ್ಲಿ ಮಾತ್ರ ಈ ಸಾಹಸ ಬೇಡ, ಟೋಯಿಂಗ್ ಕರೆಸಿ. ನನ್ನ ಗಾಡಿಯ ಹಿಂದಿನ ಸೀಟಿನ ಕೆಳಗೆ ಈಗ ಒಂದು ಹೊಸ ಕೇಬಲ್, ಎರಡು ಸ್ಪ್ಯಾನರ್, ಒಂದು ಗೋಣಿಚೀಲ ಸದಾ ಇರುತ್ತವೆ. ಗೋಣಿಚೀಲ ಕಂಡಾಗೆಲ್ಲ ಮನೆಯವರು ಬೈಯುತ್ತಾರೆ.